ಹಸಿರಾಗಿಯೇ ಹಣ್ಣಾಗುವ ಆರೆಂಜ್

(ಮಡಿಕೇರಿಯಲ್ಲಿ ಕನ್ನಡ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದೆ.)

ಆರೆಂಜ್ ಎಂಬ ಇಂಗ್ಲಿಷ್ ಪದದ ಬಗ್ಗೆ ಕೊಡಗಿನಲ್ಲಿ ಮಾತಾಡುವುದು ಸುಲಭ. ಬಣ್ಣದಿಂದ ಹಣ್ಣಿಗೆ ಹೆಸರು ಬಂತೋ, ಹಣ್ಣಿನಿಂದ ಬಣ್ಣಕ್ಕೋ ಎಂದು ಬೇರೆ ಕಡೆ ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಇಲ್ಲಿ ಕಾಫಿ ತೋಟದ ನೆರಳಿನಲ್ಲಿ ಬೆಳೆದ ಕಿತ್ತಳೆ ಮಳೆಗಾಲದ ಬೆಳೆಯಾದರೆ ಒಳಗೆ ಸಿಹಿಯಾಗಿದ್ದರೂ ಹೊರಗೆ ಹಸಿರು, ಹೆಚ್ಚೆಂದರೆ ಹಸಿರು ಮಿಶ್ರಿತ ಹಳದಿ. ಆ ಬುಟ್ಟಿಯ ಮುಂದೆ ನಿಂತವರಿಗೆ ಈ ಹಣ್ಣಿನಿಂದ ಆ ಬಣ್ಣಕ್ಕೆ ಹೆಸರು ಬಂತು ಎಂದರೆ ನಂಬುವುದು ಕಷ್ಟ, ಬಣ್ಣದಿಂದ ಹಣ್ಣಿಗೆ ಬಂತು ಎಂದರೆ ಇನ್ನೂ ಕಷ್ಟ.

ಹಣ್ಣಿನಿಂದ ಬಣ್ಣಕ್ಕೆ ಬಂತು ಎಂಬುದೇ ನಿಜ. ಹಣ್ಣಿನ ಹೆಸರು ಹಳೆಯದು, ಬಣ್ಣದ ಹೆಸರು ಬಹಳ ತಡವಾಗಿ ಬಂದದ್ದು. ಇಂಗ್ಲಿಷ್ ಬರಹಗಳಲ್ಲಿ ಹಣ್ಣಿನ ಅರ್ಥದ ಆರೆಂಜ್ 14ನೇ ಶತಮಾನದ ಕೊನೆಯ ಹೊತ್ತಿಗೆ ಕಾಣುತ್ತದೆ. ಬಣ್ಣದ ಅರ್ಥ ಸಿಗುವುದು 16ನೇ ಶತಮಾನದ ಆರಂಭದಲ್ಲಿ, ಅದೂ ಬಟ್ಟೆಬರೆಯ ಲೆಕ್ಕದಲ್ಲಿ. ಅದಕ್ಕೂ ಮೊದಲು ಇಂಗ್ಲಿಷರು ಆ ಬಣ್ಣವನ್ನು ಏನೆನ್ನುತ್ತಿದ್ದರು? ಹಳೆಯ ಇಂಗ್ಲಿಷಿನಲ್ಲಿ 'ಹಳದಿಗೆಂಪು' ಎಂದು ಬಿಡಿಸಬಹುದಾದ ಒಂದು ಜೋಡುಪದವಿತ್ತು. ಉಳಿದಂತೆ ಎಲ್ಲವೂ ಕೆಂಪೇ. ರಾಬಿನ್ ಹಕ್ಕಿಯ ಎದೆ ನೋಡಿದರೆ ಅಪ್ಪಟ ಕಿತ್ತಳೆ ಬಣ್ಣ, ಹೆಸರು ಮಾತ್ರ ಇಂದಿಗೂ 'ರೆಡ್‌ಬ್ರೆಸ್ಟ್'. ಅಲ್ಲಿನವರ ಕೂದಲು ಕಿತ್ತಳೆಯಂತಿದ್ದರೂ ಅದು 'ರೆಡ್ ಹೇರ್'. ಬಣ್ಣಕ್ಕೆ ಹೆಸರಿಲ್ಲದ ಕಾಲದಲ್ಲಿ ಇಟ್ಟ ಹೆಸರುಗಳು ಹಾಗೇ ಉಳಿದುಕೊಂಡವು.

ಕನ್ನಡದಲ್ಲೂ ಅಷ್ಟೇ. ಕಾವಿ, ಕೇಸರಿ, ಕೆಂಪು, ಹೊಂಬಣ್ಣ ಎನ್ನುತ್ತಿದ್ದ ನಮಗೆ 'ಕಿತ್ತಳೆ ಬಣ್ಣ' ಎಂಬ ಮಾತು ಬೇಕಾದದ್ದು ಶಾಲೆಯಲ್ಲಿ ಕಾಮನಬಿಲ್ಲಿನ ಏಳು ಬಣ್ಣ ಒಪ್ಪಿಸುವಾಗ. ಆ ಏಳು ಕೂಡ ನ್ಯೂಟನ್ನನ ಎಣಿಕೆ. ಮೊದಲು ಐದು ಮುಖ್ಯ ಬಣ್ಣ ಎಂದುಕೊಂಡಿದ್ದವನು ಆಮೇಲೆ ಸಂಗೀತದ ಸ್ವರಗಳ ಸಂಖ್ಯೆಗೆ ಹೊಂದಿಸಲು ಆರೆಂಜ್ ಮತ್ತು ಇಂಡಿಗೊಗಳನ್ನು ಸೇರಿಸಿ ಏಳು ಮಾಡಿದ. 1704ರ ಅವನ ಬೆಳಕಿನ ಗ್ರಂಥದಲ್ಲಿರುವುದು ಏಳೇ. ಹಾಗೆ ಸೇರಿದ ಎರಡೂ ನಮ್ಮ ದಿಕ್ಕಿನ ಸರಕುಗಳು ಎಂಬುದು ತಮಾಷೆ. ಇಂಡಿಗೊ ಎಂದರೆ 'ಇಂಡಿಯಾದ್ದು'. ಆರೆಂಜ್ ಎಲ್ಲಿಯದು ಎಂಬುದನ್ನೇ ಈಗ ನೋಡಬೇಕು.

ಪದವೊಂದರ ಮೂಲ ಹುಡುಕುವಾಗ ಇಂದಿನ ರೂಪದಿಂದ ಹೊರಡಬಾರದು. ಸಿಗುವಷ್ಟು ಹಳೆಯ ರೂಪಗಳನ್ನು ಸಾಲಾಗಿ ಇಟ್ಟುಕೊಳ್ಳಬೇಕು, ವಸ್ತು ಬಂದ ದಾರಿಯೂ ಪದ ಬಂದ ದಾರಿಯೂ ಒಂದೇ ಹೌದೇ ಎಂದು ನೋಡಬೇಕು. ಪ್ರತಿ ಹೆಜ್ಜೆಯಲ್ಲಿ ಧ್ವನಿ ಬದಲಾಗಿದ್ದರೆ ಅದೇ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ ಎಂದು ಪರೀಕ್ಷಿಸಬೇಕು. ಆರೆಂಜ್‌ನ ಸಾಲು ಹೀಗಿದೆ: ಇಂಗ್ಲಿಷಿಗೆ ಹಳೆಯ ಫ್ರೆಂಚಿನ 'ಒರೆಂಜ್', ಅದಕ್ಕೆ ಹಿಂದೆ ಇಟಲಿಯ 'ಅರಾಂಚಾ', ಸ್ಪೇನಿನ 'ನರಾಂಹ', ಅವಕ್ಕೆ ಹಿಂದೆ ಅರಬ್ಬಿಯ 'ನಾರಂಜ್', ಅದಕ್ಕೆ ಹಿಂದೆ ಪಾರ್ಸಿಯ 'ನಾರಂಗ್', ಅದಕ್ಕೂ ಹಿಂದೆ ಸಂಸ್ಕೃತದ 'ನಾರಂಗ'. ಹಣ್ಣು ನಡೆದ ದಾರಿಯೂ ಇದೇ. ಅರಬ್ಬರ ಆಳ್ವಿಕೆಯ ಕಾಲದಲ್ಲಿ ಸಿಸಿಲಿ, ಸ್ಪೇನ್‌ಗಳಿಗೆ ಮೊದಲು ಹೋದದ್ದು ಕಹಿ ಕಿತ್ತಳೆ. ಸಿಹಿಯದು ಯುರೋಪಿನಲ್ಲಿ ಹರಡಿದ್ದು 15, 16ನೇ ಶತಮಾನಗಳಲ್ಲಿ.

ಧ್ವನಿಗಳ ವಿಚಾರ. ಪಾರ್ಸಿಯ ಗಕಾರ ಅರಬ್ಬಿಯಲ್ಲಿ ಜಕಾರವಾಗುತ್ತದೆ, ಏಕೆಂದರೆ ಅರಬ್ಬಿಯ ಅಕ್ಷರಮಾಲೆಯಲ್ಲಿ ಗ ಇಲ್ಲ. ರತ್ನ ಎಂಬ ಅರ್ಥದ ಪಾರ್ಸಿ 'ಗೌಹರ್' ಅರಬ್ಬಿಯಲ್ಲಿ 'ಜೌಹರ್' ಆಯಿತು. ನಾವು 'ಜವಾಹರ' ಎಂದು ಬಳಸುವುದು ಈ ಅರಬ್ಬಿ ರೂಪದಿಂದ ಬಂದದ್ದು. ನಾರಂಗ್ ನಾರಂಜ್ ಆದದ್ದೂ ಅದೇ ನಿಯಮದಿಂದ. ಪೋರ್ಚುಗೀಸರಲ್ಲಿ ಇದೇ ಪದ 'ಲರಾಂಜ', ಅಂದರೆ ನಕಾರ ಹೋಗಿ ಲಕಾರ ಬಂತು. ಇದನ್ನು ವಿವರಿಸಲು ಲಿಸ್ಬನ್ನಿಗೆ ಹೋಗಬೇಕಿಲ್ಲ. ನಮ್ಮಲ್ಲೇ ಕೆಲವರು ನಿಂಬೆ ಎನ್ನುತ್ತಾರೆ, ಕೆಲವರು ಲಿಂಬೆ ಎನ್ನುತ್ತಾರೆ. ನ, ಲ ಎರಡಕ್ಕೂ ನಾಲಗೆ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ತಾಗುತ್ತದೆ.

ಇನ್ನು ಮೊದಲ ನಕಾರ ಎಲ್ಲಿ ಕಳೆಯಿತು? ಇಂಗ್ಲಿಷಿನಲ್ಲಿ 'ಎ ನೊರೆಂಜ್' ಎಂದಿದ್ದದ್ದು ಒಡೆದು 'ಆನ್ ಒರೆಂಜ್' ಆಯಿತು ಎಂಬ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಕಥೆ ಚೆನ್ನಾಗಿದೆ, ಊರು ಮಾತ್ರ ತಪ್ಪು. ನಕಾರ ಇಂಗ್ಲೆಂಡಿಗೆ ತಲುಪುವ ಮೊದಲೇ ಬಿದ್ದುಹೋಗಿತ್ತು, ಇಟಲಿ ಮತ್ತು ಫ್ರಾನ್ಸಿನಲ್ಲಿ. 'ಊನಾ ನರಾಂಚಾ', ಅಂದರೆ 'ಒಂದು ಕಿತ್ತಳೆ', ಎನ್ನುವಾಗ ಹಿಂದಿನ ಪದದ ನಕಾರವೂ ಮುಂದಿನ ಪದದ ನಕಾರವೂ ಒಂದಕ್ಕೊಂದು ಅಂಟಿ, ಕೇಳಿದವರು ಬೇರೆ ಜಾಗದಲ್ಲಿ ಕತ್ತರಿಸಿಕೊಂಡರು. ಇಂಗ್ಲಿಷಿನಲ್ಲಿಯೇ ಹೀಗೆ ನಕಾರ ಕಳೆದುಕೊಂಡ ಪದಗಳು ಬೇರೆ ಇವೆ: ಏಪ್ರನ್ ಮೊದಲು ನೇಪ್ರನ್, ಅಂಪೈರ್ ಮೊದಲು ನಂಪೈರ್‌ನಂಥ ರೂಪ. ತಿರುಗುಮುರುಗಾಗಿ ನಕಾರ ಗಳಿಸಿಕೊಂಡದ್ದೂ ಇದೆ. 'ಆನ್ ಈಕ್‌ನೇಮ್' ಎಂದರೆ ಇನ್ನೊಂದು ಹೆಸರು, ಅದು 'ಎ ನಿಕ್‌ನೇಮ್' ಆಯಿತು.

ಕನ್ನಡದ ಕಿವಿಗೆ ಇದು ಹೊಸದಲ್ಲ. 'ಅವನೂರಿಗೆ ಕೊಟ್ಟ' ಎಂದು ಬಾಯಲ್ಲಿ ಹೇಳಿ. ಹಣ್ಣಿನ ಮಾತು ನಡೆಯುತ್ತಿದ್ದರೆ 'ಅವ ನೂರಿಗೆ ಕೊಟ್ಟ'. ಮದುವೆಯ ಮಾತು ನಡೆಯುತ್ತಿದ್ದರೆ 'ಅವನ ಊರಿಗೆ ಕೊಟ್ಟ'. ಬರಹ ಗೊತ್ತಿಲ್ಲದ ಪರದೇಶದ ಪದವಾದರೆ ಸರಿಪಡಿಸುವ ಪ್ರಸಂಗವೇ ಇಲ್ಲ, ಕತ್ತರಿಸಿದ್ದೇ ಪದ.

ಫ್ರೆಂಚರು ಇನ್ನೊಂದು ಕೆಲಸ ಮಾಡಿದರು. ಅವರ ಭಾಷೆಯಲ್ಲಿ 'ಓರ್' ಎಂದರೆ ಚಿನ್ನ. ಹಣ್ಣಿನ ಹೊಳಪಿಗೆ ಒಪ್ಪುತ್ತದೆ ಎಂದು ಮೊದಲ ಅಕಾರ ಓಕಾರವಾಗಿ ಗಟ್ಟಿಯಾಯಿತು. ಲ್ಯಾಟಿನ್ ಪಂಡಿತರೂ 'ಔರುಮ್', ಅಂದರೆ ಚಿನ್ನ, ಎಂಬುದನ್ನು ನೆನೆದು 'ಔರಾಂಟಿಯಮ್' ಎಂದು ತಿದ್ದಿದರು. ಕಹಿ ಕಿತ್ತಳೆಯ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ಈ ಚಿನ್ನ ಇಂದಿಗೂ ಕೂತಿದೆ. ಪದದ ಅರ್ಥ ಗೊತ್ತಿಲ್ಲದಾಗ ಗೊತ್ತಿರುವ ಪದದ ಕಡೆಗೆ ಅದನ್ನು ಎಳೆದುಕೊಳ್ಳುವುದು ಎಲ್ಲ ಭಾಷೆಗಳ ಚಾಳಿ.

ಈಗ ಹಿಂದಕ್ಕೆ, ನಾರಂಗಕ್ಕೆ. ಸಂಸ್ಕೃತದಲ್ಲಿ ಈ ಪದಕ್ಕೆ ತೃಪ್ತಿಕರವಾದ ಧಾತು ಸಿಗುವುದಿಲ್ಲ, ಹಾಗಾಗಿ ದ್ರಾವಿಡದ ಕಡೆ ನೋಡುವವರೇ ಹೆಚ್ಚು. ಮಲಯಾಳದಲ್ಲಿ ಮರಕ್ಕೆ 'ನಾರಗಂ', ಕಾಯಿಗೆ 'ನಾರಙ್ಙ'. ಈ 'ಙ್ಙ' ಎಲ್ಲಿಂದ ಬಂತು ಎಂಬುದು ಕೊಡವ ಭಾಷೆ ಬಲ್ಲವರಿಗೆ ಒಡನೆ ಹೊಳೆಯಬೇಕು. ಕೊಡವದಲ್ಲಿ ಮಾವಿನಕಾಯಿ 'ಮಾಂಗೆ', ತೆಂಗಿನಕಾಯಿ 'ತೇಂಗೆ'. ಮಲಯಾಳದಲ್ಲಿ ಮಾಙ್ಙ, ತೇಙ್ಙ. ತಮಿಳಿನಲ್ಲಿ ಪೂರ್ತಿ ರೂಪ ಉಳಿದಿದೆ: ಮಾಂಗಾಯ್, ತೇಂಗಾಯ್. ಬಾಲದಲ್ಲಿರುವುದು ನಮ್ಮ 'ಕಾಯಿ'ಯೇ. ಇಂಗ್ಲಿಷಿನ 'ಮ್ಯಾಂಗೊ' ಕೂಡ ಪೋರ್ಚುಗೀಸರ ಮೂಲಕ ಹೋದ ಇದೇ ಮಾಂಗಾಯ್. ಹಾಗಾದರೆ ಆರೆಂಜ್‌ನ ಕೊನೆಯ 'ಂಜ್' ಅರಬ್ಬಿ ವೇಷ ತೊಟ್ಟ ಕಾಯಿ ಎಂಬ ವಾದಕ್ಕೆ ಬಲವಿದೆ. ಕಾಡ್ ಮಾಂಗೆ ಕರಿ ಉಣ್ಣುವವರ ಬಾಯಲ್ಲಿ ಅದರ ದಾಯಾದಿ ದಿನವೂ ಇದೆ.

ಪದದ ಮೊದಲರ್ಧ ಅಷ್ಟು ಸುಲಭವಲ್ಲ. 'ನಾರು' ಎಂಬ ಕ್ರಿಯಾಪದ ಎಂದು ಅನೇಕರು ಹೇಳುತ್ತಾರೆ. ನಮಗೆ ನಾರುವುದು ಎಂದರೆ ಕೆಟ್ಟ ವಾಸನೆ. ಹಳೆಯ ತಮಿಳಿನಲ್ಲಿ ಮಲ್ಲಿಗೆಯೂ ನಾರುತ್ತಿತ್ತು, ಪರಿಮಳ ಬೀರುವುದೇ ಅದರ ಅರ್ಥ. ವಾಸನೆಯ ಪದಗಳು ಕಾಲಕ್ರಮದಲ್ಲಿ ಕೆಡುವುದು ಸಾಮಾನ್ಯ. 'ವಾಸನೆ' ಎಂಬುದಕ್ಕೇ ಈಗ ಆ ಗತಿ ಬಂದಿದೆ. ನಾತದ ವಿಷಯ ಹೇಳುವುದೇ ಬೇಡ. ಹಾಗಾಗಿ 'ಘಮಘಮಿಸುವ ಕಾಯಿ' ಎಂಬ ಅರ್ಥ ಆಕರ್ಷಕ. ಆದರೆ ಒಂದು ತೊಡಕಿದೆ. ವಾಸನೆಯ ನಾರು ಹಳಗನ್ನಡದಲ್ಲೂ ತಮಿಳಿನಲ್ಲೂ ಶಕಟರೇಫದ, ಅಂದರೆ ಹಳೆಯ ಗಡಸು ರಕಾರದ, 'ನಾಱು'. ತಮಿಳಿನಲ್ಲಿ ಗಿಡದ ಹೆಸರು 'ನಾರಂ', ಅಲ್ಲಿರುವುದು ಸಾಧಾರಣ ರಕಾರ. ಸಂಸ್ಕೃತಕ್ಕೆ ಹೋದ ಪದ ರೇಫದ ಭೇದ ಕಳೆದುಕೊಂಡು ತಮಿಳಿಗೆ ಮರಳಿ ಬಂದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಈ ಎರಡು ಒಂದೇ ಬೇರಿನವಲ್ಲ. ನನ್ನ ತೀರ್ಮಾನ ಇಷ್ಟು: ಬಾಲದ ಕಾಯಿ ಗಟ್ಟಿ, ತಲೆಯ ಪರಿಮಳ ತೆಳು.

ಇದಕ್ಕಿಂತ ರಂಜಕವಾದ ಒಂದು ಕಥೆಯೂ ಇದೆ. ನಾರಂಗ ಅಲ್ಲ, 'ನಾಗರಂಗ'. ನಾಗ ಎಂದರೆ ಆನೆ. ಆನೆಯೊಂದು ಈ ಹಣ್ಣನ್ನು ಮಿತಿಮೀರಿ ತಿಂದು ಅಜೀರ್ಣದಿಂದ ಸತ್ತದ್ದರಿಂದ ಆ ಹೆಸರು ಎಂದು. ನಾಗರಂಗ ಎಂಬ ರೂಪ ಇರುವುದು ಸುಳ್ಳಲ್ಲ, ಚರಕಸಂಹಿತೆಯಲ್ಲೇ ಇದೆ. ಅಲ್ಲಿ ಈ ಹಣ್ಣು ಗುರು, ದುರ್ಜರ, ಅಂದರೆ ಸುಲಭಕ್ಕೆ ಅರಗದು ಎಂದೂ ಹೇಳಿದೆ. ಕಥೆಗೆ ಬೀಜ ಅಲ್ಲೇ ಸಿಕ್ಕಿರಬಹುದು. ಹಲಸಿನ ವಾಸನೆ ಹಿಡಿದು ಕೊಡಗಿನ ತೋಟಗಳಿಗೆ ನುಗ್ಗಿ, ಇಡೀ ಹಲಸು ನುಂಗಿ ಹೋಗುವ ಆನೆಗಳನ್ನು ಬಲ್ಲವರು ಆ ಕಥೆಯನ್ನು ನಂಬಲಾರರು.

ಕನ್ನಡದ 'ಕಿತ್ತಳೆ'ಗೂ ಇಂಥದೇ ಅಪಾಯವಿದೆ. ಸಿಪ್ಪೆ ಕಿತ್ತು ತಿನ್ನುವುದರಿಂದ ಕಿತ್ತಳೆ ಎಂದುಬಿಡಬಹುದು. ಬಾಳೆಹಣ್ಣಿನ ಸಿಪ್ಪೆಯನ್ನೂ ಕಿತ್ತೇ ತಿನ್ನುತ್ತೇವಲ್ಲ? ಹಳೆಯ ರೂಪ 'ಕಿತ್ತೀಳೆ'. ಈಳೆ ಎಂದರೆ ಈ ಹುಳಿಹಣ್ಣಿನ ಜಾತಿ. ಕಿರಿದು ಎಂಬುದು ಸ್ವರದ ಮುಂದೆ 'ಕಿತ್ತ್' ಆಗುವುದು ಹಳಗನ್ನಡದ ರೂಢಿ. ಕಿರಿದು ಅಡಿ ಕಿತ್ತಡಿ ಆದಂತೆ. ಹಾಗೆಯೇ ಪಿರಿದು ಎಂಬುದು 'ಪೇರ್' ಆಗುತ್ತದೆ. ಪೇರ್ ಮತ್ತು ಈಳೆ ಸೇರಿದರೆ ಪೇರೀಳೆ, ಅದೇ ಉಪ್ಪಿನಕಾಯಿಗೆ ಹಾಕುವ ನಮ್ಮ ಹೇರಳೆ. ದೊಡ್ಡದು ಹೇರಳೆ, ಚಿಕ್ಕದು ಕಿತ್ತಳೆ. ಒಂದೇ ಕೀಲಿ ಎರಡು ಬೀಗ ತೆಗೆದಾಗ ಪದ ಬಿಡಿಸಿದ್ದು ಸರಿ ಎಂಬ ಧೈರ್ಯ ಬರುತ್ತದೆ. ತಮಿಳು ತೆಲುಗುಗಳ 'ಕಿಚ್ಚಿಲಿ'ಯೂ ಇದರ ಬಂಧು.

ಕೊಡವರು ತಮ್ಮ ಕಹಿಹುಳಿ ಕಿತ್ತಳೆಗೆ ಇಟ್ಟ ಹೆಸರು ಇನ್ನೂ ನೇರ: ಕೈಪುಳಿ. ಕೈಪು ಎಂದರೆ ಕಹಿ, ಪುಳಿ ಎಂದರೆ ಹುಳಿ. ಪಜ್ಜಿ ಮಾಡಿ ತಿಂದವರಿಗೆ ಬೇರೆ ವ್ಯಾಖ್ಯಾನ ಬೇಡ. ಕನ್ನಡ ಗಾತ್ರ ನೋಡಿ ಹೆಸರಿಟ್ಟಿತು, ಕೊಡವ ರುಚಿ ನೋಡಿ ಇಟ್ಟಿತು. ಬಣ್ಣ ನೋಡಿ ಯಾರೂ ಇಡಲಿಲ್ಲ.

ಊರು ನೋಡಿ ಇಟ್ಟವರು ಮಾತ್ರ ಬಹಳ. ಸಿಹಿ ಕಿತ್ತಳೆಯನ್ನು ಪೋರ್ಚುಗೀಸರು ಹರಡಿದ್ದರಿಂದ ಗ್ರೀಕರಿಗೆ ಅದು 'ಪೋರ್ತೊಕಾಲಿ', ತುರ್ಕರಿಗೆ 'ಪೋರ್ತಕಾಲ್', ಅರಬ್ಬರಿಗೆ 'ಬುರ್ತುಕಾಲ್'. ನಾರಂಜ್ ಎಂಬ ಪದವನ್ನು ಯುರೋಪಿಗೆ ಕೊಟ್ಟ ಅರಬ್ಬರೇ ಸಿಹಿಹಣ್ಣಿಗೆ ಪೋರ್ಚುಗಲ್ಲಿನ ಹೆಸರು ತಂದುಕೊಂಡು, ನಾರಂಜನ್ನು ಕಹಿಯದಕ್ಕೆ ಬಿಟ್ಟರು. ಡಚ್ಚರಿಗೆ ಇದು 'ಚೀನಾದ ಸೇಬು'. ನಮ್ಮ ಮೂಸಂಬಿ ಮೊಜಾಂಬಿಕ್‌ನ ಹೆಸರು ಹೊತ್ತಿದೆ. ಟ್ಯಾಂಜರೀನ್ ಮೊರೊಕ್ಕೊದ ಟ್ಯಾಂಜಿಯರ್ ಬಂದರಿನದು.

'ಮ್ಯಾಂಡರಿನ್' ಎಂಬುದರಲ್ಲಿ ಊರಿಲ್ಲ, ಹುದ್ದೆ ಇದೆ. ನಮ್ಮ ಕಿತ್ತಳೆಯನ್ನು ತೋಟಗಾರಿಕೆಯವರು ಕೂರ್ಗ್ ಮ್ಯಾಂಡರಿನ್ ಎನ್ನುತ್ತಾರಲ್ಲ, ಆ ಪದದ ಮೂಲ ಸಂಸ್ಕೃತದ 'ಮಂತ್ರಿ'. ಅದು ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲಿ 'ಮಂತೆರಿ' ಆಯಿತು. ಪೋರ್ಚುಗೀಸರು ಅಲ್ಲಿಂದ ಎತ್ತಿಕೊಂಡು, ಆಜ್ಞೆ ಮಾಡು ಎಂಬ ಅರ್ಥದ ತಮ್ಮ 'ಮಂದಾರ್' ಕ್ರಿಯಾಪದದ ಕಡೆ ಎಳೆದು 'ಮಂದರಿಂ' ಮಾಡಿದರು. ಚೀನಾದ ಅಧಿಕಾರಿಗಳಿಗೆ ಆ ಹೆಸರು ಅಂಟಿತು, ಅವರಿಂದ ಹಣ್ಣಿಗೆ ಬಂತು, ಬಹುಶಃ ಅವರ ನಿಲುವಂಗಿಯ ಬಣ್ಣದಿಂದ. ಹಾಗಾಗಿ ಕೂರ್ಗ್ ಮ್ಯಾಂಡರಿನ್ ಎಂದರೆ ಅಕ್ಷರಶಃ ಕೊಡಗಿನ ಮಂತ್ರಿ. 2005–06ರ ಸಾಲಿನಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು 'ಕೂರ್ಗ್ ಆರೆಂಜ್' ಎಂಬ ಹೆಸರಿಗೆ.

ಎರಡು ಹೆಸರಿನ ಗೊಂದಲ ಬರೀ ಕಾಗದದ್ದಲ್ಲ. ಇಂಗ್ಲೆಂಡಿನವರು ಬರಿದೆ ಆರೆಂಜ್ ಎಂದರೆ ನಮ್ಮ ಮೂಸಂಬಿಯ ಜಾತಿಯ, ಸಿಪ್ಪೆ ಬಿಗಿಯಾಗಿ ಅಂಟಿದ ಸಿಹಿ ಕಿತ್ತಳೆ. ಮಾರ್ಮಲೇಡ್, ಅಂದರೆ ಸಿಪ್ಪೆಯನ್ನೂ ಹಾಕಿ ಕುದಿಸುವ ಜಾಮ್, ಮಾಡುವಾಗ ಆರೆಂಜ್ ಎಂದರೆ ಸ್ಪೇನಿನ ಸೆವಿಲ್ಲಿನ ಕಹಿ ಕಿತ್ತಳೆ. ನಮ್ಮದು ಮೂರನೆಯದು. ಅಲ್ಲಿನ ಪುಸ್ತಕ ನೋಡಿ ಇಲ್ಲಿನ ಕಿತ್ತಳೆಯಿಂದ ಮಾರ್ಮಲೇಡ್ ಮಾಡಿದರೆ ಸಿಹಿ ಪಾಕವಾಗುತ್ತದೆಯೇ ಹೊರತು ಗಟ್ಟಿ ಕೂರುವುದಿಲ್ಲ. ಗಟ್ಟಿ ಕೂರಿಸುವ ಪೆಕ್ಟಿನ್ ಎಂಬ ಅಂಶ ಸೆವಿಲ್ಲಿನ ಹಣ್ಣಿನಲ್ಲಿರುವಷ್ಟು ಇದರಲ್ಲಿಲ್ಲ, ಕಹಿಯೂ ಇಲ್ಲ. ಕೈಪುಳಿ ಅಥವಾ ಹೇರಳೆ ಬಳಸುವುದೇ ಮೂಲಕ್ಕೆ ಹತ್ತಿರ. 1 ಕೆ.ಜಿ. ಹಣ್ಣಿಗೆ ಸುಮಾರು 2.5 ಲೀಟರ್ ನೀರು, 2 ಕೆ.ಜಿ. ಸಕ್ಕರೆ. ಬೀಜವನ್ನು ಬಿಸಾಡದೆ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗೇ ಬೇಯಿಸಬೇಕು, ಪೆಕ್ಟಿನ್ ಅಲ್ಲೂ ಧಾರಾಳವಾಗಿದೆ. ಸಿಪ್ಪೆ ಬೆರಳಲ್ಲಿ ಒತ್ತಿದರೆ ಮುದ್ದೆಯಾಗುವಷ್ಟು ಬೆಂದ ಮೇಲೆಯೇ ಸಕ್ಕರೆ. ಮೊದಲೇ ಹಾಕಿದರೆ ಸಿಪ್ಪೆ ಚರ್ಮದಂತೆ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗದು. ಪುಸ್ತಕಗಳು 104–105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಲೆಯಿಂದ ಇಳಿಸಿ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ 1,100 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ 100–101ಕ್ಕೆ ಇಳಿಸಬೇಕು. 105ರವರೆಗೆ ಕಾದರೆ ಸಿಗುವುದು ಕಂದು ಬಣ್ಣದ ಅಂಟು.

ಮಾರ್ಮಲೇಡ್ ಪದದಲ್ಲಿ ಕಿತ್ತಳೆಯ ಸುಳಿವೇ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 'ಮಾರ್ಮೆಲೊ' ಎಂದರೆ ಪೋರ್ಚುಗೀಸಿನಲ್ಲಿ ಕ್ವಿನ್ಸ್ ಎಂಬ ಹಣ್ಣು. ಮೊದಲ ಮಾರ್ಮಲೇಡ್ ಅದರದ್ದೇ. ನಮ್ಮ ಬಿಲ್ವದ ಸಸ್ಯಶಾಸ್ತ್ರೀಯ ಹೆಸರು 'ಈಗ್ಲಿ ಮಾರ್ಮೆಲೋಸ್' ಎಂದಿರುವುದೂ ಅದೇ ಪದದಿಂದ. ಬಿಲ್ವವೂ ಕಿತ್ತಳೆಯ ಕುಟುಂಬದ್ದೇ.

ಒಂದು ಆರೆಂಜ್ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಹಾಲೆಂಡಿನ ರಾಜಮನೆತನದ ಆರೆಂಜ್ ದಕ್ಷಿಣ ಫ್ರಾನ್ಸಿನ ಒಂದು ಊರು. ರೋಮನ್ನರ ಕಾಲದಲ್ಲಿ ಅದರ ಹೆಸರು 'ಅರೌಸಿಯೊ', ಕೆಲ್ಟಿಕ್ ಜನರ ಜಲದೇವತೆಯ ಹೆಸರು. ಉಚ್ಚಾರ ಸವೆದು ಹಣ್ಣಿನ ಹೆಸರಿನಂತಾಯಿತು. ಆ ಸಂಸ್ಥಾನ 1544ರಲ್ಲಿ ವಿಲಿಯಂ ಎಂಬಾತನಿಗೆ ಬಂತು, ಆತನೇ ಮುಂದೆ ಡಚ್ಚರ ದಂಗೆಯ ನಾಯಕ. ಶಬ್ದಸಾಮ್ಯದಿಂದಲೇ ಆ ಮನೆತನಕ್ಕೆ ಕಿತ್ತಳೆ ಬಣ್ಣ ಅಂಟಿತು. ಡಚ್ ಆಟಗಾರರ ಅಂಗಿ, ಐರ್ಲೆಂಡಿನ ಬಾವುಟದ ಒಂದು ಪಟ್ಟಿ, ದಕ್ಷಿಣ ಆಫ್ರಿಕದ ಆರೆಂಜ್ ನದಿ, ಎಲ್ಲವೂ ಆ ಮನೆತನದ ಬಾಬ್ತು.

ಪ್ರಶ್ನೆ: ಕಿತ್ತಳೆ ಗಿಡಕ್ಕೆ ಬರುವ 'ಗ್ರೀನಿಂಗ್' ರೋಗಕ್ಕೆ ಆ ಹೆಸರೇಕೆ? ನಮ್ಮ ಹಣ್ಣು ಹೇಗೂ ಹಸಿರೇ ಅಲ್ಲವೇ?

ಕೊಡಗಿನ ಬೆಳೆಗಾರರ ದಾರಿ ತಪ್ಪಿಸುವ ಹೆಸರದು. ರೋಗ ಬಂದ ಹಣ್ಣು ಬಣ್ಣ ತಿರುಗದೆ ಹಸಿರಾಗಿ ಉಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಹಾಗೆ ಕರೆದರು. ಚೀನೀ ಹೆಸರು 'ಹ್ವಾಂಗ್‌ಲಾಂಗ್‌ಬಿಂಗ್' ಚಿಗುರು ಹಳದಿಯಾಗುವುದನ್ನು ಹೇಳುತ್ತದೆ, ನಮಗೆ ಅದೇ ಉಪಯೋಗಿ. ಹಣ್ಣಿನ ಬಣ್ಣ ಬಿಟ್ಟು ಎಲೆ ನೋಡಿ. ನಡುನರದ ಎರಡು ಪಕ್ಕ ಹಳದಿ ಒಂದೇ ರೀತಿ ಇದ್ದರೆ ಸತುವಿನ ಕೊರತೆ ಇರಬಹುದು. ಎಡಬಲ ಹೊಂದದ ಮಚ್ಚೆ ಮಚ್ಚೆ ಹಳದಿಯಾದರೆ ಗ್ರೀನಿಂಗ್ ಅನುಮಾನಿಸಬೇಕು. ಹಣ್ಣು ಸೀಳಿದಾಗ ನಡುದಿಂಡು ಸೊಟ್ಟಗಿದ್ದು ಬೀಜ ಜೊಳ್ಳಾಗಿದ್ದರೆ ಅನುಮಾನ ಬಲವಾಯಿತು. ಖಚಿತಕ್ಕೆ ಪ್ರಯೋಗಾಲಯವೇ ಬೇಕು, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರನ್ನು ಕೇಳಿ. ರೋಗ ಹರಡುವುದು ಸಿಲ್ಲಿಡ್ ಎಂಬ ಪುಟ್ಟ ಹಾರುಕೀಟ. ಅದು ಮೊಟ್ಟೆ ಇಡುವುದು ಎಳೆಚಿಗುರಿನಲ್ಲಿ, ಹಾಗಾಗಿ ಚಿಗುರು ಬಿಡುವ ಹೊತ್ತಿಗೇ ಕಣ್ಣಿಡಬೇಕು.

ಪ್ರಶ್ನೆ: ಬಣ್ಣ ನಂಬುವಂತಿಲ್ಲ ಎಂದಾದರೆ, ಸಂತೆಯಲ್ಲಿ ಹಣ್ಣಾದದ್ದನ್ನು ಆರಿಸುವುದು ಹೇಗೆ?

ಸಿಪ್ಪೆಯ ಹಸಿರು ಕರಗಲು ರಾತ್ರಿಯ ಚಳಿ ಬೇಕು, ಸುಮಾರು 13 ಡಿಗ್ರಿಗಿಂತ ಕೆಳಗೆ. ಮಳೆಗಾಲದ ರಾತ್ರಿಗಳಲ್ಲಿ ಅದು ಸಿಗುವುದಿಲ್ಲ, ಚಳಿಗಾಲದ ಬೆಳೆಗೆ ಸಿಗುತ್ತದೆ. ರಸದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಒಂದೇ ಗಾತ್ರದ ಎರಡು ಹಣ್ಣನ್ನು ಎರಡು ಕೈಯಲ್ಲಿ ತೂಗಿ, ಭಾರದ್ದನ್ನು ತೆಗೆದುಕೊಳ್ಳಿ. ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ಬಗ್ಗಬೇಕು, ಕುಸಿಯಬಾರದು. ಕೊನೆಗೆ ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪವೇ ಗೀರಿ ಮೂಗಿಗೆ ಹಿಡಿಯಿರಿ. ಎಳೆಕಾಯಿಯಾದರೆ ಹಸಿ ಎಲೆಯ ವಾಸನೆ. ಬಲಿತದ್ದಾದರೆ ಎಣ್ಣೆ ಚಿಮ್ಮಿ ಬೆರಳು ಸಂಜೆಯವರೆಗೂ ನಾರುತ್ತದೆ, ಹಳೆಯ ತಮಿಳಿನ ಅರ್ಥದಲ್ಲಿ.